ಟ್ಯಾಂಕಿನ ಹಿಂದೆ ನಿಲ್ಲುತ್ತಿದ್ದ ಹುಡುಗ

"ಇವನಿಗೆ ಮದುವೆ ಮಾಡಿದ್ರೆ ಸರಿಹೋಗುತ್ತಾ ಮೇಡಂ?"

ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಅಕ್ಕ ಕೇಳಿದ್ದು ಇದನ್ನೇ. ತಮ್ಮನಿಗೆ 27 ವರ್ಷ. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅಕ್ಕನನ್ನು ಹೊರಗೆ ಕೂರಿಸಿದ ಮೇಲೂ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಚೂರು ಚೂರಾಗಿ ಹೇಳಿದ. ಬಾಡಿಗೆ ರೂಮಿನ ಮೇಲೆ ಟೆರೇಸು. ಅಲ್ಲಿಂದ ಪಕ್ಕದ ಮನೆಯ ಬಚ್ಚಲಿನ ವೆಂಟಿಲೇಟರ್ ಕಾಣುತ್ತದೆ. ಅದರ ಗಾಜಿನ ಪಟ್ಟಿಗಳಲ್ಲಿ ಎರಡು ಬಿದ್ದುಹೋಗಿವೆ. ಮೊದಲ ಸಲ ಟ್ಯಾಂಕಿನಲ್ಲಿ ನೀರಿದೆಯಾ ನೋಡಲು ಹೋದಾಗ ಕಣ್ಣಿಗೆ ಬಿದ್ದಿತ್ತು. ಎರಡನೇ ಸಲ ಬೇಕಂತಲೇ ಹೋದ. ಹತ್ತು ತಿಂಗಳಿಂದ ಇದೇ ಕಥೆ. ಬೆಳಿಗ್ಗೆ ಆರೂವರೆಗೆ ಆ ಬಚ್ಚಲಿನ ದೀಪ ಹತ್ತುವ ಹೊತ್ತಿಗೆ ಈತ ಟ್ಯಾಂಕಿನ ಹಿಂದೆ ಇರುತ್ತಿದ್ದ. ನೋಡಿ ಬಂದ ಮೇಲೆ ತನ್ನ ಮೇಲೇ ಹೇಸಿಗೆ. ದೇವರ ಫೋಟೋ ಮುಂದೆ ಆಣೆ. ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಮತ್ತೆ ಮೆಟ್ಟಿಲು. ಊರಿಂದ ಬಂದು ಉಳಿದಿದ್ದ ಅಕ್ಕನ ಕೈಗೆ ಸಿಕ್ಕಿಬಿದ್ದ.

"ಮೊಬೈಲಿನಲ್ಲಿ ತೆಗೆದಿದ್ದೀರಾ?" ಅಂತ ನೇರವಾಗಿ ಕೇಳಿದೆ. ಇಲ್ಲ ಅಂದ.

"ಇದು ಕಾಯಿಲೆನಾ ಮೇಡಂ, ಇಲ್ಲ ತಪ್ಪಾ?"

ಎರಡೂ ಹೌದು ಅಂದೆ. ಹೀಗೆ ಗೊತ್ತಾಗದಂತೆ ಇಣುಕಿ ನೋಡುವ ಸೆಳೆತಕ್ಕೆ ಮನೋವೈದ್ಯರು ವಾಯರಿಸ್ಟಿಕ್ ಡಿಸಾರ್ಡರ್ ಅನ್ನುತ್ತಾರೆ. ಯಾರೋ ಕಂಡು ಒಂದು ಕ್ಷಣ ಕಣ್ಣು ನಿಂತಿತು ಅಂದರೆ ಅದು ಕಾಯಿಲೆಯಲ್ಲ. ಕನಿಷ್ಠ ಆರು ತಿಂಗಳಿಂದ ಈ ಸೆಳೆತ ಮತ್ತೆ ಮತ್ತೆ ಬರುತ್ತಿರಬೇಕು. ಅದರಿಂದ ಬದುಕು ಕೆಡುತ್ತಿರಬೇಕು, ಇಲ್ಲವೇ ಒಪ್ಪಿಗೆಯಿಲ್ಲದವರ ಮೇಲೆ ಅದನ್ನು ನಡೆಸಿರಬೇಕು. ಜೊತೆಗೆ ವಯಸ್ಸು 18 ದಾಟಿರಬೇಕು. ಇದರ ಬೇರು ಎಲ್ಲಿದೆ ಅನ್ನುವುದು ಈ ಹುಡುಗನ ಒಂದು ಮಾತಿನಲ್ಲೇ ಇತ್ತು: "ವಿಡಿಯೋ ನೋಡಿದ್ರೆ ಹಂಗೆ ಅನ್ಸಲ್ಲ." ಎದುರಿಗಿರುವವರಿಗೆ ಗೊತ್ತಿಲ್ಲ ಅನ್ನುವುದರಲ್ಲೇ ಉದ್ರೇಕ. ಅದಕ್ಕೇ ಮದುವೆ ಇದಕ್ಕೆ ಮದ್ದಲ್ಲ. ಹೆಂಡತಿ ಗೊತ್ತಿದ್ದೂ ಒಪ್ಪಿ ಜೊತೆಗಿರುವವಳು. ಆ ಸೆಳೆತ ಹುಡುಕುವುದು ಬೇರೆಯದನ್ನು. ಇನ್ನೊಂದು ಹುಡುಗಿಯನ್ನು ಔಷಧಿ ಮಾಡಬೇಡಿ ಎಂದು ಅಕ್ಕನಿಗೆ ಕೈಮುಗಿದು ಹೇಳಿದೆ.

ಕಾನೂನನ್ನೂ ಮುಚ್ಚಿಡಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ವಿಡಿಯೋ ಮಾಡಬೇಕಂತೇನಿಲ್ಲ, ಹೀಗೆ ನೋಡುವುದೇ ಅಪರಾಧ. ಮೊದಲ ಸಲ ಅಪರಾಧಿ ಎಂದು ತೀರ್ಪಾದರೆ 1ರಿಂದ 3 ವರ್ಷ ಜೈಲು, ಮತ್ತೊಮ್ಮೆ ಹಾಗೆ ತೀರ್ಪಾದರೆ 3ರಿಂದ 7 ವರ್ಷ. ಕಾಯಿಲೆಯ ಹೆಸರು ಹೇಳಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಾಡುವಾಗ ಏನು ಮಾಡುತ್ತಿದ್ದೇನೆ ಅಂತ ಆತನಿಗೆ ಪೂರ್ತಿ ಗೊತ್ತಿರುತ್ತದೆ, ಅಲ್ವಾ?

"ಅವರಿಗೆ ಗೊತ್ತೇ ಇಲ್ವಲ್ಲ, ಅವರಿಗೇನು ತೊಂದರೆ?" ಅಂದ. ನಿಮಗೂ ಅಕ್ಕ ಇಲ್ವಾ ಅಂತ ನಾನು ಕೇಳುವುದಿಲ್ಲ. ಆಕೆ ಯಾರ ಅಕ್ಕನೂ ತಂಗಿಯೂ ಆಗಿರದಿದ್ದರೂ ಆಕೆಯ ಬಚ್ಚಲು ಆಕೆಯದೇ. ಬದಲಿಗೆ, "ಆಕೆಯ ಬಗ್ಗೆ ಏನು ಗೊತ್ತು ಹೇಳಿ" ಅಂದೆ. ಹೆಸರು ಗೊತ್ತಿಲ್ಲ. ಕೆಲಸ ಗೊತ್ತಿಲ್ಲ. ದೀಪ ಹತ್ತುವ ಟೈಮು ಮಾತ್ರ ಗೊತ್ತು. ಹೇಳುತ್ತಾ ಹೇಳುತ್ತಾ ಅಳತೊಡಗಿದ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಆಕೆಯದೇ. ನನ್ನ ಹತ್ತಿರ ಬಂದವನು ಇವನು, ಆಕೆ ಅಲ್ಲ. ಹಾಗಾಗಿ ಮೊದಲ ಸಲಹೆ ಇದು: ಇವತ್ತೇ ರೂಮು ಬಿಡಿ, ಅಕ್ಕನ ಮನೆಯಲ್ಲಿರಿ, ಟೆರೇಸಿನ ಕೀ ವಾಪಸ್ ಕೊಡಿ. ಆತ ಒಪ್ಪಿದ ಮೇಲೆ ಅಕ್ಕ ಓನರ್ ಹತ್ತಿರ ಹೋಗಿ, ಟೆರೇಸಿನಿಂದ ಪಕ್ಕದವರ ಬಚ್ಚಲು ಕಾಣುತ್ತೆ, ಮರೆ ಮಾಡಿಸಿ ಎಂದು ಹೇಳಿದರು. ಆ ವಾರವೇ ಟ್ಯಾಂಕಿನ ಪಕ್ಕ ತಗಡಿನ ಶೀಟು ಬಂತು.

ಜೊತೆಗೆ ಮನೋವೈದ್ಯರ ಹತ್ತಿರ ಕಳಿಸಿದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ಸೆಳೆತವನ್ನೂ ತಗ್ಗಿಸಬಹುದು. ಎಲ್ಲಿ ಹೋಗಬೇಕು ಅಂತ ತಿಳಿಯದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆತನೂ ನಾನೂ ಸೇರಿ ಮಾಡಬೇಕಿದ್ದ ಕೆಲಸ ಆ ಮೆಟ್ಟಿಲು ಹತ್ತುವುದಕ್ಕೂ ಮೊದಲಿನದ್ದು. ಆತ ಟ್ಯಾಂಕಿನ ಹಿಂದೆ ಸೋಲುತ್ತಿರಲಿಲ್ಲ. ಅಲಾರಂ ಆರಕ್ಕೆ ಇಟ್ಟಾಗಲೇ ಸೋತಿರುತ್ತಿದ್ದ. ಹಿಂದಿನ ದಿನ ಆಫೀಸಿನಲ್ಲಿ ಬೈಸಿಕೊಂಡ ರಾತ್ರಿ ಆ ಅಲಾರಂ ತಪ್ಪುತ್ತಿರಲಿಲ್ಲ. ಹಾಗಾಗಿ ಆಣೆ ಬೇಡ, ನೋಟ್‌ಬುಕ್ ಇಡಿ ಅಂದೆ. ಸೆಳೆತ ಬಂದಾಗ ಟೈಮ್ ಬರೆಯಬೇಕು, ಮನೆಯಿಂದ ಹೊರಗೆ ನಡೆಯಬೇಕು, ಅದು ಇಳಿದಾಗ ಮತ್ತೆ ಬರೆಯಬೇಕು.

ನಾಲ್ಕು ತಿಂಗಳಾಗಿದೆ. ಗುಣವಾಯಿತು ಎಂದು ನಾನು ಹೇಳಲಾರೆ. ಹೋದ ವಾರದ ಪುಟದಲ್ಲಿ ಎರಡೇ ಸಾಲಿತ್ತು: "6:35, ಜೋರಾಗಿ ಬಂತು. ಹಾಲು ತರಲು ಹೋದೆ. 7:00, ಕಮ್ಮಿ." ಅದರ ಕೆಳಗೆ, ನಾನು ಹೇಳದೇ ಇದ್ದದ್ದನ್ನು ಬರೆದಿದ್ದ: "ಮದುವೆ ಮಾತು ಬಂದರೆ ಹುಡುಗಿಗೆ ಮೊದಲೇ ಹೇಳಬೇಕು. ಹೇಗೆ ಅಂತ ಮೇಡಂನ ಕೇಳಬೇಕು."