ಗೇರ್ ಹಲ್ಲು ಮುರಿಯಲಿಲ್ಲ, ಆದರೂ ಹಾಳಾಯಿತು

ಪ್ರಶ್ನೆ: 7.5 ಎಚ್‌ಪಿ (5.5 ಕಿ.ವ್ಯಾ.), 1440 ಆರ್‌ಪಿಎಂ ಮೋಟರಿನಿಂದ ಕನ್ವೇಯರಿಗೆ ಸ್ಪರ್ ಗೇರ್ (ನೇರ ಹಲ್ಲಿನ ಗೇರ್) ಜೋಡಿ ಹಾಕಿದ್ದೇವೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ, ಮಿ.ಮೀ.ಗಳಲ್ಲಿ) 4, ಪಿನಿಯನ್ (ಚಿಕ್ಕ ಗೇರ್) 18 ಹಲ್ಲು, ಚಕ್ರ (ದೊಡ್ಡ ಗೇರ್) 54, ಅಗಲ 40 ಮಿ.ಮೀ. ಎರಡೂ ಇಎನ್ 8 (ಮಧ್ಯಮ ಇಂಗಾಲದ ಉಕ್ಕು), ಗಡಸುತನ 200 ಬಿಎಚ್‌ಎನ್ (ಬ್ರಿನೆಲ್ ಗಡಸುತನ ಸಂಖ್ಯೆ), 20 ಡಿಗ್ರಿ ಒತ್ತಡ ಕೋನದ ಹಲ್ಲು. ಹಲ್ಲು ಮುರಿಯುತ್ತಿಲ್ಲ, ಮೈಮೇಲೆ ಸಣ್ಣ ಗುಳಿಗಳು ಬಿದ್ದು ಸದ್ದು ಶುರುವಾಗುತ್ತದೆ. ಮಾಡ್ಯೂಲ್ 6ಕ್ಕೆ ಏರಿಸಿದರೆ ಸರಿಹೋದೀತೆ?

ಉತ್ತರ: ಇಲ್ಲ. ಲೆಕ್ಕ ಹಾಕಿ ನೋಡಿ. ಹಲ್ಲಿನ ಮೇಲಿನ ಸ್ಪರ್ಶರೇಖೆಯ ಬಲ ಸುಮಾರು 1013 ನ್ಯೂಟನ್. ಸರ್ವಿಸ್ ಫ್ಯಾಕ್ಟರ್ (ಕೆಲಸದ ಏರಿಳಿತಕ್ಕೆ ಹೊರೆಯನ್ನು ಹೆಚ್ಚಿಸುವ ಗುಣಕ) 1.5, ಪಿಚ್ ವೇಗ (ಹಲ್ಲುಗಳು ಕೂಡುವ ಜಾಗದ ವೇಗ) ಸೆಕೆಂಡಿಗೆ 5.4 ಮೀಟರ್, ಇವೆರಡೂ ಸೇರಿದರೆ ನಿಜವಾದ ಹೊರೆ 4270 ನ್ಯೂಟನ್ ಆಸುಪಾಸು. ಲೂಯಿಸ್ ಸೂತ್ರದಲ್ಲಿ ಹಲ್ಲಿನ ಬಾಗು ಬಲ (ಬಾಗಿ ಮುರಿಯದೆ ತಾಳುವ ಹೊರೆ) 9850 ನ್ಯೂಟನ್ ಬರುತ್ತದೆ, ನಿಜವಾದ ಹೊರೆಯ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿಯೇ ಮುರಿಯುತ್ತಿಲ್ಲ. ಆದರೆ ಬಕಿಂಗ್‌ಹ್ಯಾಮ್ ಸೂತ್ರದ ಸವೆತ ಬಲ (ಹಲ್ಲಿನ ಮೈ ಕೆಡದೆ ತಾಳುವ ಹೊರೆ) ಬರೀ 2765, ನಿಜವಾದ ಹೊರೆಗಿಂತ ಕಡಿಮೆ. ಗುಳಿ ಬೀಳುವುದು ಇದರಿಂದಲೇ. ಪಿಚ್ ರೇಖೆಯ (ಎರಡೂ ಹಲ್ಲುಗಳು ಜಾರದೆ ಉರುಳುವ ಗೆರೆ) ತುಸು ಕೆಳಗೆ, ಪಿನಿಯನ್ನಿನ ಮೇಲೆ ಮೊದಲು ಕಾಣಿಸಿರಬೇಕು. ಚಕ್ರ ಒಂದು ಸುತ್ತುವಷ್ಟರಲ್ಲಿ ಪಿನಿಯನ್ ಹಲ್ಲು ಮೂರು ಸಲ ಹೊರೆ ಹೊರುತ್ತದೆ.

ಸವೆತ ಬಲದ ಸೂತ್ರದಲ್ಲಿ ಅಗಲ, ಪಿನಿಯನ್ ವ್ಯಾಸ, ಹಲ್ಲುಗಳ ಅನುಪಾತ, ಗಡಸುತನ ಇವಿಷ್ಟೇ ಇವೆ. ಮಾಡ್ಯೂಲ್ ಇಲ್ಲ. ಶಾಫ್ಟ್‌ಗಳ ಅಂತರ 144 ಮಿ.ಮೀ. ಹಾಗೇ ಇದ್ದರೆ ಮಾಡ್ಯೂಲ್ 6ರಲ್ಲೂ ಅದೇ 2765. ಜೊತೆಗೆ ಪಿನಿಯನ್‌ಗೆ 12 ಹಲ್ಲು ಮಾತ್ರ ಉಳಿದು ಬುಡ ಕೊರೆದುಹೋಗುತ್ತದೆ. ಅಗಲದಿಂದಲೇ ಸರಿಪಡಿಸಿ 1.5 ಸುರಕ್ಷಾ ಅಂಶ (ಸವೆತ ಬಲ ಹೊರೆಯ ಒಂದೂವರೆ ಪಟ್ಟು) ತರಲು ಹೊರಟರೆ 93 ಮಿ.ಮೀ. ಬೇಕು, ಶಾಫ್ಟ್ ಕೊಂಚ ಓರೆಯಾದರೂ ಹೊರೆಯೆಲ್ಲ ಒಂದೇ ತುದಿಗೆ ಬೀಳುತ್ತದೆ.

ಗಡಸುತನ ಏರಿಸಿ. ಸವೆತ ಬಲ ಬಿಎಚ್‌ಎನ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ 1.5 ಸುರಕ್ಷಾ ಅಂಶಕ್ಕೆ 305 ಬಿಎಚ್‌ಎನ್ ಸಾಕು. ಇಎನ್ 24 (ಮಿಶ್ರಲೋಹದ ಉಕ್ಕು) ತೆಗೆದುಕೊಂಡು ಚಕ್ರವನ್ನು 310, ಪಿನಿಯನ್ನನ್ನು 340ರ ಆಸುಪಾಸಿಗೆ ಹಾರ್ಡನಿಂಗ್, ಟೆಂಪರಿಂಗ್ ಮಾಡಿಸಿ, ಆಮೇಲೆ ಹಾಬಿಂಗ್ (ಹಾಬ್ ಎಂಬ ಕಟರಿನಿಂದ ಹಲ್ಲು ಕಡಿಯುವುದು) ಮಾಡಿಸಿ. ಹಲ್ಲು ಕಡಿದ ಮೇಲೆ ಕಾಯಿಸಿದರೆ ಸೊಟ್ಟಗಾಗುತ್ತದೆ, ಗ್ರೈಂಡಿಂಗ್ ಖರ್ಚು ತಲೆಗೆ ಬರುತ್ತದೆ. ಕನ್ವೇಯರ್ ವೇಗ ಶೇಕಡ 7.5ರಷ್ಟು ಹೆಚ್ಚಾದರೂ ನಡೆಯುತ್ತದೆ ಎಂದಾದರೆ 19/53 ಹಲ್ಲು ಹಾಕಿ: ಅಂತರ ಬದಲಾಗದು, ಅದೇ ಹಲ್ಲುಗಳು ಪದೇಪದೇ ಉಜ್ಜುವುದೂ ತಪ್ಪುತ್ತದೆ.

ಪ್ರಶ್ನೆ: 20 ಡಿಗ್ರಿಯ ಪಿನಿಯನ್ ಅನ್ನು 14 ಹಲ್ಲಿಗೆ ಇಳಿಸಬಹುದೆ? ಮಾಡ್ಯೂಲ್ 4.

ಉತ್ತರ: 17ಕ್ಕಿಂತ ಕಡಿಮೆಯಾದರೆ ಹಾಬ್ ಹಲ್ಲಿನ ಬುಡವನ್ನೇ ಕೊರೆಯುತ್ತದೆ. ಕಟರನ್ನು 0.72 ಮಿ.ಮೀ. ಹೊರಗೆ ಸರಿಸಿ, ಬ್ಲಾಂಕಿನ ಹೊರವ್ಯಾಸ 64ರ ಬದಲು 65.4 ತಿರುಗಿಸಿ. ಜೋಡಿ ಚಕ್ರಕ್ಕೆ ಅಷ್ಟೇ ಒಳಗೆ ಸರಿಸಿದರೆ ಶಾಫ್ಟ್ ಅಂತರ ಮುಟ್ಟಬೇಕಿಲ್ಲ. ಚಕ್ರಕ್ಕೆ 20ಕ್ಕಿಂತ ಹೆಚ್ಚು ಹಲ್ಲಿರಬೇಕು, ಅಷ್ಟೆ.