‘ಗೊತ್ತು ಸರ್’ ಎನ್ನುವ ಹುಡುಗ

ಸಲಹೆಗೆಂದು ನಮ್ಮಲ್ಲಿಗೆ ಬಂದ ಹುಡುಗ. ವಯಸ್ಸು 13, ಆಟ ಬ್ಯಾಡ್ಮಿಂಟನ್. ಗುರುತು ಸಿಗಬಾರದೆಂದು ಊರು, ಕ್ಲಬ್ಬು ಬಿಟ್ಟು, ಒಂದಕ್ಕಿಂತ ಹೆಚ್ಚು ಮಕ್ಕಳ ವಿವರಗಳನ್ನು ಬೆರೆಸಿದ್ದೇವೆ. ಕೋಚ್ ದೂರು: “ಏನು ಹೇಳಿದ್ರೂ ‘ಗೊತ್ತು ಸರ್’ ಅಂತಾನೆ, ಮತ್ತೆ ಅದನ್ನೇ ಮಾಡ್ತಾನೆ.” ಮನೆಯವರು ಇದಕ್ಕೆ ಹಠ ಎಂದು ಹೆಸರಿಟ್ಟಿದ್ದರು.

ಹುಡುಗ ರ‍್ಯಾಕೆಟ್ಟನ್ನು ಉದ್ದ ಹಿಡಿಯ ಬಾಣಲೆ ಹಿಡಿದ ಹಾಗೆ ಹಿಡಿಯುತ್ತಿದ್ದ. ಆ ಹಿಡಿತದಲ್ಲಿ ನೆಟ್ ಹತ್ತಿರ ಷಟಲ್ ತಟ್ಟುವುದು ಸಲೀಸು. ತಲೆಯ ಮೇಲಿನ ಹೊಡೆತಕ್ಕೆ ಮಾತ್ರ ಮುಂಗೈ ಪೂರ್ತಿ ತಿರುಗುವುದಿಲ್ಲ, ಹೊಡೆತಕ್ಕೆ ಕಸುವು ಬರುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ‘ವಿ’ ಆಕಾರ ಬರುವಂತೆ ಹಿಡಿ ಎಂದು ಕೋಚ್ ತಿದ್ದಿದ್ದು ಸರಿಯೇ. ಆದರೆ ಹಿಡಿತ ಬದಲಿಸಿದ ಮೊದಲ ಕೆಲವು ವಾರ ಷಟಲ್ ಫ್ರೇಮಿಗೆ ಬಡಿಯುತ್ತದೆ, ನೆಟ್ಟಿಗೆ ಬೀಳುತ್ತದೆ. ಅದನ್ನು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ತನಗಿಂತ ಚಿಕ್ಕವರ ಕೈಲಿ ಸೋತ. ಪಾಯಿಂಟ್ ಬೇಕೆನಿಸಿದಾಗ ಕೈ ಹಳೆಯ ಹಿಡಿತಕ್ಕೇ ಜಾರಿತು. ಜೊತೆಗೆ ಗ್ಯಾಲರಿಯಿಂದ ಅಪ್ಪ “ಸ್ಮ್ಯಾಶ್ ಹೊಡಿ”, ಕೋರ್ಟಿನ ಬದಿಯಿಂದ ಕೋಚ್ “ಡ್ರಾಪ್ ಹಾಕು”. ಒಬ್ಬರಿಗೆ ಜೋರಾಗಿ ಕೆಳಕ್ಕೆ ಬಾರಿಸಬೇಕು, ಇನ್ನೊಬ್ಬರಿಗೆ ಮೆಲ್ಲಗೆ ನೆಟ್ಟಿನಾಚೆ ಬೀಳಿಸಬೇಕು. ‘ಗೊತ್ತು ಸರ್’ ಎಂದುಬಿಟ್ಟರೆ ಮಾತಾದರೂ ನಿಲ್ಲುತ್ತಿತ್ತು.

ಕೋಚ್‌ಗೆ ಹೇಳಿದ್ದು: ಟೂರ್ನಮೆಂಟ್ ಇಲ್ಲದ ಆರು ವಾರ ಇದಕ್ಕಾಗಿ ಇಡಿ, ಆಟ ಮೊದಲು ಕೆಡುತ್ತದೆ ಎಂದು ಹುಡುಗನಿಗೆ ಮುಂಚೆಯೇ ತಿಳಿಸಿ. ದಿನಕ್ಕೆ ಒಂದೇ ತಿದ್ದುಪಡಿ. ಮೊದಲ 15 ನಿಮಿಷ ಹತ್ತತ್ತು ಷಟಲ್ಲಿನ ನಾಲ್ಕು ಸುತ್ತು. ಲೆಕ್ಕ ಹಾಕುವುದು ಹಿಡಿತ ಸರಿಯಿದ್ದ ಹೊಡೆತಗಳನ್ನು, ಷಟಲ್ ಎಲ್ಲಿ ಬಿತ್ತು ಎಂಬುದನ್ನಲ್ಲ. “ಅರ್ಥ ಆಯ್ತಾ?” ಎಂದರೆ ಹೂಂ ಅನ್ನದ ಮಗುವಿಲ್ಲ, “ಈಗ ಏನು ಮಾಡ್ತೀಯ, ಹೇಳು” ಎಂದು ಕೇಳಿ. 21 ಪಾಯಿಂಟಿನ ಗೇಮಿನಲ್ಲಿ ಒಬ್ಬರು 11 ಪಾಯಿಂಟ್ ಮುಟ್ಟಿದಾಗ ಸಿಗುವ 60 ಸೆಕೆಂಡಿನ ಬಿಡುವಿನಲ್ಲಿ ಮೊದಲ 20 ಸೆಕೆಂಡು ನೀರಿಗೆ, ಟವಲಿಗೆ ಬಿಡಿ. ಆಮೇಲೆ ಅವನಿಗೇನು ಕಾಣುತ್ತಿದೆ ಎಂದು ಕೇಳಿ, ಒಂದೇ ವಾಕ್ಯ ಹೇಳಿ ಕಳಿಸಿ.

ಅಪ್ಪನಿಗೆ ಒಪ್ಪಿಸುವುದೇ ಕಷ್ಟವಾಯಿತು. “ಫೀಸು ಕಟ್ಟೋನು ನಾನು, ಮಾತಾಡಬಾರದಾ?” ನ್ಯಾಯವಾದ ಪ್ರಶ್ನೆ. ಶನಿವಾರ 10 ನಿಮಿಷ, ಮಗನಿಲ್ಲದಾಗ, ಕೋಚ್ ಜೊತೆ ಮಾತಾಡಲಿ. ಗ್ಯಾಲರಿಯಲ್ಲಿ ಚಪ್ಪಾಳೆ ಮಾತ್ರ; ವಾಪಸು ಬರುವಾಗ ಬೈಕಿನ ಮೇಲೆ ಆಟದ ಮಾತು ಮಗನೇ ಎತ್ತಿದರೆ ಸರಿ, ಇಲ್ಲದಿದ್ದರೆ ಬೇಡ.

ಹುಡುಗನಿಗೆ ಎರಡು ವಾಕ್ಯ ಕೊಟ್ಟೆವು: “ಬರ್ತಿಲ್ಲ ಸರ್”, “ಇನ್ನೊಂದ್ಸಲ ತೋರಿಸಿ ಸರ್”. ಜೋರಾಗಿ ಹೇಳಿಸಿದೆವು, ಮೊದಲನೆಯದಕ್ಕೆ ಅವನ ಗಂಟಲು ಕಟ್ಟಿತು. ಮನೆಯಲ್ಲಿ ಕಣ್ಣು ಮುಚ್ಚಿ ರ‍್ಯಾಕೆಟ್ಟಿನ ಹಿಡಿಯನ್ನು ಬೆರಳಲ್ಲಿ ಉರುಳಿಸಿ, ನಿಲ್ಲಿಸಿ, ‘ವಿ’ ಹುಡುಕುವುದು ದಿನಕ್ಕೆ 20 ಸಲ. ಭುಜ ನೋಯುತ್ತಿದ್ದರೆ ತಕ್ಷಣ ಹೇಳಬೇಕು ಎಂದೂ ತಿಳಿಸಿದೆವು. ನೋವು ಮುಚ್ಚಿಟ್ಟು ಹೂಂ ಎನ್ನುವುದನ್ನು ನಾವು ವಿಧೇಯತೆ ಎನ್ನುವುದಿಲ್ಲ.

ಐದನೇ ವಾರ ಹತ್ತರಲ್ಲಿ ಏಳು ಹಿಡಿತ ಸರಿಯಿತ್ತು. ಫ್ರೇಮಿಗೆ ಬಡಿಯುವುದು ಇನ್ನೂ ನಿಂತಿಲ್ಲ. ಮುಂದಿನ ಭೇಟಿಗೆ ಅಪ್ಪನೂ ಬರುತ್ತಾರೆ.