ಹೃದಯದ ಗುಳಿಗೆ: ನಿಲ್ಲಿಸುವ ಮುನ್ನ, ಆರಂಭಿಸುವ ಮುನ್ನ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾದಾಗ ಹುಬ್ಬಳ್ಳಿಯಲ್ಲಿ ಒಂದು ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಆಸ್ಪಿರಿನ್ 75 ಮತ್ತು ಕ್ಲೊಪಿಡೊಗ್ರೆಲ್ 75 ಮಿಲಿಗ್ರಾಂ ಗುಳಿಗೆಗಳನ್ನು ಪ್ರತಿದಿನ ತೆಗೆದುಕೊಳ್ಳುತ್ತಿದ್ದಾರೆ. ಈಗ ಒಂದು ದವಡೆ ಹಲ್ಲು ಕೀಳಿಸಬೇಕಾಗಿದೆ. ರಕ್ತ ನಿಲ್ಲುವುದಿಲ್ಲ, ಒಂದು ವಾರ ಗುಳಿಗೆ ಬಿಡಿಸಿ ಎಂದು ಬಂಧುಗಳು ಹೇಳುತ್ತಾರೆ. ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತರಿಸಿ ನುಂಗುವ ರೂಢಿಯೂ ತಂದೆಯವರಿಗಿದೆ. ಕೈಗಳ ಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಕಾಣುತ್ತಿವೆ. ಹಕ್ಕರಕಿ, ಮೆಂತ್ಯದಂಥ ಸೊಪ್ಪುಗಳನ್ನು ತಿನ್ನಬಾರದೆಂದು ಯಾರೋ ಹೇಳಿದ್ದಾರೆ. ಏನು ಮಾಡಬೇಕು?
— ಓದುಗರು, ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಗುಳಿಗೆ ಬಿಡಿಸಬೇಡಿ. ಹಲ್ಲಿನ ಬುಡದಿಂದ ಸ್ವಲ್ಪ ಹೊತ್ತು ಹೆಚ್ಚು ರಕ್ತ ಒಸರುವುದನ್ನು ತಡೆಯಲು ದಾರಿಗಳಿವೆ; ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಮತ್ತೊಂದು ಹೃದಯಾಘಾತ, ಅನೇಕ ವೇಳೆ ಪ್ರಾಣಾಂತಿಕವಾದದ್ದು. ಸ್ಟೆಂಟ್ ಲೋಹದ ಸಣ್ಣ ಜಾಲರಿ. ರಕ್ತನಾಳದ ಒಳಪದರ ಅದರ ಮೇಲೆ ಬೆಳೆದು ಅದನ್ನು ಪೂರ್ತಿಯಾಗಿ ಮುಚ್ಚುವವರೆಗೆ ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಆ ಲೋಹಕ್ಕೆ ಅಂಟಿಕೊಂಡು ಗುಂಪುಗೂಡುವ ಸಾಧ್ಯತೆ ಇರುತ್ತದೆ, ಮತ್ತು ಇಂದು ಬಳಕೆಯಲ್ಲಿರುವ ಔಷಧಲೇಪಿತ ಸ್ಟೆಂಟ್‌ಗಳಲ್ಲಿ ಆ ಪದರ ಬೆಳೆಯಲು ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಆದ್ದರಿಂದಲೇ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ 12 ತಿಂಗಳ ಕಾಲ ಎರಡು ಗುಳಿಗೆಗಳನ್ನೂ, ಅನಂತರ ಬಹುತೇಕ ಜೀವನಪರ್ಯಂತ ಒಂದನ್ನೂ ಕೊಡುತ್ತಾರೆ. ರಕ್ತಸ್ರಾವದ ಅಪಾಯ ಹೆಚ್ಚಾಗಿರುವವರಲ್ಲಿ ಈ ಅವಧಿಯನ್ನು ಕಡಿಮೆ ಮಾಡುವುದುಂಟು, ಆದರೆ ಅದನ್ನು ನಿರ್ಧರಿಸಬೇಕಾದವರು ಹೃದ್ರೋಗ ತಜ್ಞರೇ ಹೊರತು ಬಂಧುಗಳಲ್ಲ.

ಒಂದೆರಡು ಹಲ್ಲು ಕೀಳುವುದನ್ನು ಎರಡೂ ಗುಳಿಗೆಗಳು ನಡೆಯುತ್ತಿರುವಾಗಲೇ ಮಾಡಬಹುದು. ದಂತವೈದ್ಯರಿಗೆ ಮೊದಲೇ ಸ್ಟೆಂಟ್ ಹಾಕಿದ ದಿನಾಂಕವನ್ನು ತಿಳಿಸಿ, ಗುಳಿಗೆಗಳ ಚೀಟಿಯನ್ನು ತೋರಿಸಿ. ಬೆಳಗಿನ ಹೊತ್ತಿಗೆ ಸಮಯ ಪಡೆದುಕೊಂಡರೆ ಸಂಜೆಯೊಳಗೆ ರಕ್ತ ಒಸರಿದರೂ ಮತ್ತೆ ಹೋಗಿ ತೋರಿಸಲು ಅನುಕೂಲವಾಗುತ್ತದೆ. ವೈದ್ಯರು ಗಾಯಕ್ಕೆ ಹೊಲಿಗೆ ಹಾಕಬಹುದು, ಹತ್ತಿಬಟ್ಟೆಯನ್ನು ಹೆಚ್ಚು ಹೊತ್ತು ಕಚ್ಚಿ ಹಿಡಿಯಲು ಹೇಳಬಹುದು, ರಕ್ತ ಒಸರುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಿಂದ ಬಾಯಿ ಮುಕ್ಕಳಿಸಲು ಕೊಡಬಹುದು. ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಮುಂದೂಡಬಹುದಾದದ್ದನ್ನು ಮುಂದೂಡುತ್ತಾರೆ; ಮುಂದೂಡಲಾಗದಿದ್ದರೆ ಶಸ್ತ್ರವೈದ್ಯರೂ ಹೃದ್ರೋಗ ತಜ್ಞರೂ ಪರಸ್ಪರ ಮಾತನಾಡಿ ಯಾವ ಗುಳಿಗೆಯನ್ನು ಎಷ್ಟು ದಿನ ಬಿಡಬೇಕೆಂದು ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಹಲ್ಲಿಗಿಂತ ಹೆಚ್ಚು ಆತಂಕ ತಂದದ್ದು ಮೊಣಕಾಲಿನ ಗುಳಿಗೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೇನ್ ಮುಂತಾದ ನೋವುನಿವಾರಕಗಳು ಜಠರದ ಒಳಪದರವನ್ನು ದುರ್ಬಲಗೊಳಿಸುತ್ತವೆ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಜೊತೆ ಅವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಬಹಳವಾಗಿ ಏರುತ್ತದೆ, ಹೃದಯಕ್ಕೂ ಅವು ಒಳ್ಳೆಯವಲ್ಲ. ಐಬುಪ್ರೊಫೇನ್‌ನಿಂದ ಇನ್ನೊಂದು ತೊಂದರೆಯಿದೆ: ಪ್ಲೇಟ್‌ಲೆಟ್‌ನಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ತಾನು ಮೊದಲು ಕುಳಿತು ಆಸ್ಪಿರಿನ್‌ನ ಕೆಲಸವನ್ನೇ ಕೆಡಿಸುತ್ತದೆ. ಪ್ಯಾರಸಿಟಮಾಲ್ ಇವೆಲ್ಲಕ್ಕಿಂತ ಸುರಕ್ಷಿತ. ಆದರೆ ಅಂಗಡಿಯಲ್ಲಿ ಕೇವಲ ‘ನೋವಿನ ಗುಳಿಗೆ ಕೊಡಿ’ ಎಂದರೆ ಪ್ಯಾರಸಿಟಮಾಲ್ ಜೊತೆ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಬೆರೆಸಿದ ಗುಳಿಗೆಯೇ ಕೈಗೆ ಬರುವುದು ಹೆಚ್ಚು. ಆದ್ದರಿಂದ ಹಾಳೆಯ ಹಿಂಬದಿಯಲ್ಲಿ ಮುದ್ರಿಸಿರುವ ಹೆಸರುಗಳನ್ನು ಓದಿಸಿಕೊಂಡೇ ಕೊಳ್ಳಿರಿ. ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಡಿ ಗುಳಿಗೆಗಳನ್ನು ಯಾರು ಕೊಟ್ಟರೂ ನಿಮ್ಮ ತಂದೆಯವರು ನುಂಗಬಾರದು, ಏಕೆಂದರೆ ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಜಠರದ ಹುಣ್ಣಿನ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಅವರ ವಯಸ್ಸಿನವರಿಗೆ ಎರಡು ಗುಳಿಗೆಗಳ ಜೊತೆ ಜಠರವನ್ನು ಕಾಯುವ ಔಷಧವನ್ನೂ ಬರೆಯುತ್ತಾರೆ. ಅದು ಪ್ಯಾಂಟೊಪ್ರಜೋಲ್ ಆಗಿದ್ದರೆ ಸರಿ. ಓಮೆಪ್ರಜೋಲ್ ಅಥವಾ ಇಸೊಮೆಪ್ರಜೋಲ್ ಆಗಿದ್ದರೆ ವೈದ್ಯರ ಗಮನಕ್ಕೆ ತನ್ನಿ, ಯಕೃತ್ತಿನಲ್ಲಿ ಕ್ಲೊಪಿಡೊಗ್ರೆಲ್ ಸಕ್ರಿಯಗೊಳ್ಳುವುದನ್ನು ಅವು ತಗ್ಗಿಸುತ್ತವೆ.

ಚರ್ಮದ ಮೇಲಿನ ಸಣ್ಣ ನೀಲಿ ಕಲೆಗಳು ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ. ಮುಂದಿನ ಭೇಟಿಯಲ್ಲಿ ತೋರಿಸಿದರೆ ಸಾಕು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುವುದು, ವಾಂತಿಯಲ್ಲಿ ರಕ್ತ, ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು, ಹಿಂದೆಂದೂ ಬಾರದಂಥ ತೀವ್ರ ತಲೆನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆಯಾದ್ದರಿಂದ ಅದನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಡೆಂಗ್ಯೂ ಜ್ವರ ಬಂದಾಗಲೂ ತಡಮಾಡದೆ ತೋರಿಸಬೇಕು; ಪ್ಲೇಟ್‌ಲೆಟ್ ಸಂಖ್ಯೆಯನ್ನು ನೋಡಿ ಗುಳಿಗೆಯ ವಿಚಾರವನ್ನು ಅವರು ತೀರ್ಮಾನಿಸುತ್ತಾರೆ.

ಸೊಪ್ಪಿನ ನಿರ್ಬಂಧ ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ. ಅದು ವಾರ್ಫರಿನ್, ಅಸಿನೊಕುಮರಾಲ್ ಎಂಬ ಬೇರೆ ಬಗೆಯ ಔಷಧ ತೆಗೆದುಕೊಳ್ಳುವವರಿಗೆ ಹೇಳಿದ ಎಚ್ಚರಿಕೆ. ಜೋಳದ ರೊಟ್ಟಿಯೊಡನೆ ಹಕ್ಕರಕಿಯನ್ನು ಅವರು ನಿಶ್ಚಿಂತೆಯಿಂದ ತಿನ್ನಲಿ.

ಪ್ರಶ್ನೆ: ನನಗೆ 62 ವರ್ಷ. ಹೃದಯದ ತೊಂದರೆಯಾಗಲಿ ಸಕ್ಕರೆ ಕಾಯಿಲೆಯಾಗಲಿ ಇಲ್ಲ, ರಕ್ತದೊತ್ತಡ ಸ್ವಲ್ಪ ಹೆಚ್ಚಿದೆ. ನೆರೆಮನೆಯವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಭಯವಾಗಿದೆ. ಮುಂಜಾಗ್ರತೆಗಾಗಿ ದಿನಕ್ಕೊಂದು ಆಸ್ಪಿರಿನ್ ಆರಂಭಿಸಲೇ?
— ಓದುಗರು, ಬ್ಯಾಡಗಿ

ಉತ್ತರ: ಬೇಡ. ಒಮ್ಮೆ ಹೃದಯಾಘಾತವೋ ಲಕ್ವವೋ ಆದವರಿಗೆ, ಸ್ಟೆಂಟ್ ಇರುವವರಿಗೆ ಆಸ್ಪಿರಿನ್‌ನಿಂದ ಆಗುವ ಲಾಭ ಖಚಿತವಾದದ್ದು. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ, ಹೃದಯಾಘಾತವಾದ ಹೊತ್ತಿನಲ್ಲೇ ಆರಂಭಿಸಿದ ಆಸ್ಪಿರಿನ್‌ನಿಂದ ಐದು ವಾರಗಳೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವುಗಳು ಶೇ. 23ರಷ್ಟು ಕಡಿಮೆಯಾದವು. ಇನ್ನೂ ಏನೂ ಆಗದವರ ಲೆಕ್ಕ ಹೀಗಿಲ್ಲ. 2018ರಲ್ಲಿ ಹೊರಬಂದ ದೊಡ್ಡ ಅಧ್ಯಯನಗಳಲ್ಲಿ ಒಂದು ವಯಸ್ಸಾದ 19,114 ಮಂದಿಯನ್ನು ಗಮನಿಸಿತು. ಅವರಲ್ಲಿ ಆಸ್ಪಿರಿನ್ ಹೃದಯರೋಗವನ್ನು ಗಣನೀಯವಾಗಿ ತಗ್ಗಿಸಲಿಲ್ಲ, ಗಂಭೀರ ರಕ್ತಸ್ರಾವವನ್ನು ಮಾತ್ರ ಹೆಚ್ಚಿಸಿತು. ಅದೇ ವರ್ಷ ಮಧುಮೇಹಿಗಳ ಮೇಲೆ ನಡೆದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಶೇ. 12ರಷ್ಟು ಇಳಿದರೂ ದೊಡ್ಡ ರಕ್ತಸ್ರಾವಗಳು ಶೇ. 29ರಷ್ಟು ಏರಿದವು. ನಿಮ್ಮ ರಕ್ತದೊತ್ತಡ ಹತೋಟಿಯಲ್ಲಿಲ್ಲದಿರುವಾಗ ಆಸ್ಪಿರಿನ್ ನುಂಗಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವೂ ಇದೆ. ನಿಮ್ಮ ಶ್ರಮವೆಲ್ಲ ಆ ರಕ್ತದೊತ್ತಡವನ್ನು ಇಳಿಸುವುದಕ್ಕೆ, ತಂಬಾಕು ಅಥವಾ ಗುಟ್ಕಾ ಇದ್ದರೆ ಬಿಡುವುದಕ್ಕೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳುವುದಕ್ಕೆ ಸಲ್ಲಲಿ.

ಪ್ರಶ್ನೆ: ಒಂದು ದಿನ ಗುಳಿಗೆ ಮರೆತರೆ ಮರುದಿನ ಎರಡು ನುಂಗಬಹುದೇ? ಎದೆನೋವು ಬಂದಾಗ ಅಥವಾ ಲಕ್ವ ಹೊಡೆದಾಗ ಮನೆಯಲ್ಲಿಯೇ ಆಸ್ಪಿರಿನ್ ಕೊಡಬಹುದೇ?
— ಓದುಗರು, ಧಾರವಾಡ

ಉತ್ತರ: ಎರಡು ನುಂಗಬಾರದು. ಆಸ್ಪಿರಿನ್ ತಾನು ತಟ್ಟಿದ ಪ್ಲೇಟ್‌ಲೆಟ್‌ಗಳನ್ನು ಅವುಗಳ ಆಯುಷ್ಯವಿರುವಷ್ಟು ಕಾಲ, ಅಂದರೆ ಏಳರಿಂದ ಹತ್ತು ದಿನ, ತಡೆದಿಡುತ್ತದೆ. ಹಾಗಾಗಿ ಒಂದು ದಿನ ತಪ್ಪಿದರೆ ಗಾಬರಿಯಾಗದೆ ಮರುದಿನ ಎಂದಿನ ಗುಳಿಗೆಯನ್ನು ಮುಂದುವರಿಸಿ. ಕ್ಲೊಪಿಡೊಗ್ರೆಲ್ ಬದಲಿಗೆ ಕೆಲವರಿಗೆ ಕೊಡುವ, ದಿನಕ್ಕೆರಡು ಬಾರಿ ತೆಗೆದುಕೊಳ್ಳುವ ಟಿಕಾಗ್ರೆಲಾರ್‌ನ ಪರಿಣಾಮ ಬೇಗ ಇಳಿಯುವುದರಿಂದ ಅದರಲ್ಲಿ ತಪ್ಪದಿರುವುದು ಮುಖ್ಯ, ಆದರೆ ಅಲ್ಲಿಯೂ ಪ್ರಮಾಣವನ್ನು ಇಮ್ಮಡಿಸಬಾರದು. ತಿಳಿಯದೆ ಇಮ್ಮಡಿಯಾಗುವುದೂ ಉಂಟು: ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮೂರೂ ಸೇರಿದ ಕ್ಯಾಪ್ಸೂಲನ್ನು ಒಬ್ಬ ವೈದ್ಯರು ಬರೆದಿರುತ್ತಾರೆ, ಹಳೆಯ ಚೀಟಿಯ ಬಿಡಿ ಆಸ್ಪಿರಿನ್ ಕೂಡ ಮನೆಯಲ್ಲಿ ಹಾಗೆಯೇ ನಡೆದಿರುತ್ತದೆ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಒಯ್ದು ತೋರಿಸಿ.

ಎದೆಯಲ್ಲಿ ಹಿಂಡುವಂಥ ನೋವು, ತಣ್ಣನೆಯ ಬೆವರು ಬಂದರೆ ಮೊದಲು 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿಯಾಗಲಿ ರಕ್ತಸ್ರಾವವಾಗಲಿ ಇಲ್ಲದವರು ಲೇಪನವಿಲ್ಲದ 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಬಹುದು. ಮುಖ ಸೊಟ್ಟಗಾದರೆ, ಕೈಕಾಲಿನ ಬಲ ಹೋದರೆ, ಮಾತು ತೊದಲಿದರೆ ಮಾತ್ರ ಆಸ್ಪಿರಿನ್ ಕೊಡಲೇಬೇಡಿ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ರಕ್ತನಾಳ ಒಡೆದಿದೆಯೋ ಎಂಬುದು ಸಿ.ಟಿ. ಸ್ಕ್ಯಾನ್ ಇಲ್ಲದೆ ತಿಳಿಯುವುದಿಲ್ಲ, ಒಡೆದಿದ್ದರೆ ಅದೇ ಗುಳಿಗೆ ಕೇಡು ಮಾಡೀತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣಗಳು ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾದ್ದರಿಂದ ಊರಿನ ಚಿಕಿತ್ಸಾಲಯದಲ್ಲಿ ಕಾಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಂತಹ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ರೋಗಿ ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಮತ್ತು ಯಾವ ಗುಳಿಗೆಗಳು ನಡೆಯುತ್ತಿವೆ ಎಂಬುದನ್ನು ಬರೆದುಕೊಂಡು ಹೋಗಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.